ಶಹಾಬಾದ್ ಕಲ್ಲಿನ ಮೇಲೆ ಹಡಗು: ಕೆಲಸ ಎಲ್ಲಿಗೆ ಬಂತು

ಹಡಗು ಕೆತ್ತುತ್ತಿರುವ ಕಲ್ಲಿನ ಹಲಗೆ ಮುಗಿಯಲು ಬಂದಿದೆ. ಹುಟ್ಟುಗಳು ಚೆನ್ನಾಗಿ ಎದ್ದು ಕಾಣುತ್ತಿವೆ. ಬಿಲ್ಲುಗಾರರ ಮುಖ ಇನ್ನೂ ಬಾಕಿ. ಹಡಗಿನ ಕೆಳಗಿನ ನೀರು ಮಾತ್ರ ಇಷ್ಟು ದಿನ ಸುಮ್ನೆ ಖಾಲಿ ಬಿದ್ದಿತ್ತು, ಅದಕ್ಕೂ ಈಗ ಒಂದು ದಾರಿ ಸಿಕ್ಕಿದೆ.

ಹೊಸದಾಗಿ ಓದುವವರಿಗೆ ಎರಡು ಮಾತು. ಕಡಲಲ್ಲಿ ಸತ್ತವರಿಗಾಗಿ ನಿಲ್ಲಿಸಿದ ಕಲ್ಲುಗಳಿವೆಯಲ್ಲ, ಅವುಗಳ ಒಂದೊಂದು ತುಣುಕನ್ನು ಶಹಾಬಾದ್ ಹಲಗೆಯ ಮೇಲೆ ಚಿಕ್ಕದಾಗಿ ಕೆತ್ತುವುದು ನನ್ನ ಹವ್ಯಾಸ. ಕಲಬುರಗಿಯಲ್ಲಿ ಕೂತು ಇದೇನು ಹುಚ್ಚು ಅಂತ ಕೇಳುವವರೇ ಜಾಸ್ತಿ. ಕಡಲು ಇಲ್ಲಿಂದ ಮುನ್ನೂರು ಕಿಲೋಮೀಟರಿಗಿಂತ ದೂರ. ಪಕ್ಕದ ಮನೆಯ ಅಜ್ಜ ಒಂದು ದಿನ ಬಂದು ಹಲಗೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಭೀಮಾ ನದ್ಯಾಗಿನ ಹರಗೋಲೇನ್ರೀ ಇದು?" ಅಂದರು. ಅಲ್ಲ ಅಜ್ಜ, ಯುದ್ಧದ ಹಡಗು ಅಂದೆ. "ಯುದ್ಧ ಅಂದ್ರ ಕುದುರಿ ಬೇಕಲ್ಲೋ" ಅಂತ ಹೇಳಿ ಎದ್ದು ಹೋದರು.

ಅವರು ಹೇಳಿದ್ದರಲ್ಲೂ ಅರ್ಥ ಇದೆ. ನಮ್ಮ ಕಡೆ ಹಳ್ಳಿ ಹಳ್ಳಿಗೂ ವೀರಗಲ್ಲು ಇವೆ. ಹನುಮಂತನ ಗುಡಿ ಮುಂದೆ, ಹೊಲದ ಬದುವಿನಲ್ಲಿ, ಬಾವಿ ಪಕ್ಕ. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಅವನು ಶಿವಲಿಂಗದ ಮುಂದೆ ಕೂತಿರುವುದು. ದನ, ಕುದುರೆ, ಕತ್ತಿ, ಬಿಲ್ಲು ಎಲ್ಲ ಸಿಗುತ್ತವೆ. ಹಡಗು ಸಿಗುವುದಿಲ್ಲ. ಅದಕ್ಕೆ ಬೋರಿವಲಿಗೇ ಹೋಗಬೇಕು.

ಮುಂಬೈ ಬೋರಿವಲಿಯ ಎಕ್ಸರ್‌ನಲ್ಲಿರುವ ವೀರಗಲ್ಲುಗಳೇ ಈ ಹಲಗೆಗೆ ಮಾದರಿ. ಹಳೆಯ ಗೆಜೆಟಿಯರಿನಲ್ಲಿ ಒಟ್ಟು ಆರು ಕಲ್ಲುಗಳ ವಿವರ ಇದೆ. ದೊಡ್ಡದು ಹತ್ತು ಅಡಿ ಎತ್ತರ, ಮೂರು ಅಡಿ ಅಗಲ. ಕೊಂಕಣದ ಕಪ್ಪು ಕಲ್ಲು. ಕೆಲವು ಕಲ್ಲುಗಳಲ್ಲಿ ನೆಲದ ಯುದ್ಧ, ಕೆಲವುಗಳಲ್ಲಿ ಕಡಲ ಯುದ್ಧ. ಮೂತಿ ಮೇಲೆತ್ತಿದ ಹಡಗುಗಳು ಸಾಲಾಗಿ ಬರುತ್ತಿವೆ, ಪಕ್ಕದಲ್ಲಿ ಒಂದೇ ಸಾಲು ಹುಟ್ಟು, ಮೇಲೆ ಕಾದಾಡುವ ಜನ. ಇದು ಯಾವ ಯುದ್ಧ ಅನ್ನುವುದರಲ್ಲಿ ಒಂದೇ ಮಾತಿಲ್ಲ. ಬಹಳ ಜನ ಒಪ್ಪುವುದು ಸುಮಾರು 1265ರ ಕಾಳಗವನ್ನು. ಉತ್ತರ ಕೊಂಕಣದ ಕೊನೆಯ ಶಿಲಾಹಾರ ದೊರೆ ಸೋಮೇಶ್ವರ ಒಂದು ಕಡೆ, ದೇವಗಿರಿಯ ಸೇವುಣ ದೊರೆ ಮಹಾದೇವ ಇನ್ನೊಂದು ಕಡೆ. ಸೋಮೇಶ್ವರ ಕಡಲಲ್ಲೇ ಮುಳುಗಿ ಸತ್ತ. ಮಹಾದೇವನ ಮಂತ್ರಿ ಹೇಮಾದ್ರಿ ಇದನ್ನೇ ಸ್ವಲ್ಪ ಚುಚ್ಚಿ ಬರೆದಿದ್ದಾನೆ: ಮಹಾದೇವನ ಸಿಟ್ಟಿನ ಬೆಂಕಿಗಿಂತ ಕಡಲೊಳಗಿನ ಬೆಂಕಿಯೇ (ಬಡಬಾಗ್ನಿ) ವಾಸಿ ಅಂತ ಹೋದನಂತೆ. ಗೆದ್ದವರ ಕಡೆಯವರು ಯಾವಾಗಲೂ ಹೀಗೇ ಬರೆಯುವುದು, ಅಲ್ವಾ?

ಇದಕ್ಕೂ ನಮಗೂ ಸಂಬಂಧ ಇಲ್ಲ ಅನ್ನಬೇಡಿ. ಶಿಲಾಹಾರರು ಮೊದಲು ರಾಷ್ಟ್ರಕೂಟರ ಸಾಮಂತರು, ಆ ರಾಷ್ಟ್ರಕೂಟರ ರಾಜಧಾನಿ ನಮ್ಮ ಸೇಡಂ ತಾಲೂಕಿನ ಮಳಖೇಡ. ಆ ಕಾಲಕ್ಕೆ ಕೊಂಕಣದ ರೇವುಗಳನ್ನು ಯಾರು ನೋಡಿಕೊಳ್ಳಬೇಕು ಅನ್ನುವುದು ಕಾಗಿಣಾ ದಂಡೆಯಲ್ಲಿ ತೀರ್ಮಾನ ಆಗುತ್ತಿತ್ತು. 926ರ ಚಿಂಚಣಿ ತಾಮ್ರಪಟದಲ್ಲಿ ಸಂಜಾಣ ರೇವಿನ ಅಧಿಕಾರಿಯಾಗಿದ್ದ ಒಬ್ಬ ಅರಬನ ಹೆಸರಿದೆ, ಮಧುಮತಿ ಅಂತ. ಅವನನ್ನು ನೇಮಿಸಿದ್ದು ಮಳಖೇಡದ ದೊರೆ. ಈಗ ಮಳಖೇಡ ಅಂದರೆ ಸಿಮೆಂಟು ಅಷ್ಟೇ ನೆನಪಾಗುತ್ತದೆ.

ಸರಿ, ಕಲ್ಲಿಗೆ ಬರೋಣ. ಶಹಾಬಾದ್ ಕಲ್ಲು ಸುಣ್ಣದಕಲ್ಲು. ಕೊಂಕಣದ ಕಪ್ಪುಕಲ್ಲಿಗಿಂತ ಎಷ್ಟೋ ಮೆತ್ತಗೆ, ಉಳಿ ಸಲೀಸಾಗಿ ಇಳಿಯುತ್ತದೆ. ತೊಂದರೆ ಇರುವುದು ಅದರ ಪದರಗಳಲ್ಲಿ. ಗಣಿಯಲ್ಲಿ ಹಲಗೆ ಹಲಗೆಯಾಗಿ ಏಳುತ್ತದಲ್ಲ, ಅದೇ ಗುಣ ಚಿಕ್ಕ ಅಳತೆಯಲ್ಲೂ ಇದೆ. ಹುಟ್ಟಿನಂಥ ಸಣ್ಣ ಗೆರೆ ಎದ್ದು ನಿಲ್ಲುವುದು ಒಂದೇ ಪದರದ ಮೇಲೆ. ಉಳಿಯನ್ನು ಸ್ವಲ್ಪ ಮಲಗಿಸಿ ಹೊಡೆದರೆ ಸಾಕು, ಚಪಾತಿಯ ಮೇಲ್ಪದರದ ಹಾಗೆ ಇಡೀ ಹುಟ್ಟು ಎದ್ದು ಬರುತ್ತದೆ.

ಅದಕ್ಕೆ ಕ್ರಮ ಬದಲಿಸಿಕೊಂಡೆ. ಮೊದಲು ಕಲ್ಲನ್ನು ಒದ್ದೆ ಮಾಡಿ ಬಿಳಿ ಪೆನ್ಸಿಲ್‌ನಿಂದ ಚಿತ್ರ ಬರೆಯುತ್ತೇನೆ, ಒದ್ದೆ ಕಲ್ಲು ಕಪ್ಪಗಾಗುವುದರಿಂದ ಗೆರೆ ಚೆನ್ನಾಗಿ ಕಾಣುತ್ತದೆ. ಆಮೇಲೆ ಕಾರ್ಬೈಡ್ ತುದಿಯ ಸಣ್ಣ ಉಳಿಯನ್ನು ನೆಟ್ಟಗೆ ಹಿಡಿದು, ಪ್ರತಿ ಹುಟ್ಟಿನ ಎರಡೂ ಬದಿಗೆ ಸೀದಾ ಕೆಳಗೆ ಗೆರೆ ಕೊಡುತ್ತೇನೆ. ಹೀಗೆ ಪದರ ಮೊದಲೇ ತುಂಡಾಗಿರುತ್ತದೆ. ಅದಾದ ಮೇಲೆ ನಡುವಿನ ಕಲ್ಲನ್ನು ತೆಗೆಯುವುದು, ಅದೂ ಹೊರಗಿನಿಂದ ಗೆರೆಯ ಕಡೆಗೆ. ಹುಟ್ಟಿನ ಕಡೆಯಿಂದ ಹೊರಕ್ಕೆ ಒಂದು ಏಟೂ ಬೇಡ. ಎಂಟು ಮಿಲಿಮೀಟರಿಗಿಂತ ಆಳಕ್ಕೆ ಹೋಗುವುದಿಲ್ಲ. ಕೊನೆಗೆ ಅರ. ರಾತ್ರಿ ಟಾರ್ಚನ್ನು ಹಲಗೆಯ ಪಕ್ಕದಲ್ಲಿ ಮಲಗಿಸಿ ಹಚ್ಚಿದರೆ ಹಗಲಲ್ಲಿ ಕಾಣದ ಉಬ್ಬು ತಗ್ಗು ಎಲ್ಲ ನೆರಳಾಗಿ ಬೀಳುತ್ತವೆ. ಎಲ್ಲಿ ಇನ್ನೂ ಕೆರೆಯಬೇಕು ಅನ್ನುವುದು ಆಗ ಗೊತ್ತಾಗುತ್ತದೆ. ಮಾಸ್ಕ್ ಇಲ್ಲದೆ ಕೂರಬೇಡಿ, ಈ ದೂಳು ಒಳ್ಳೆಯದಲ್ಲ. ಬೇಸಿಗೆಯಲ್ಲಂತೂ ಬೆಳಗ್ಗೆ ಎಂಟರ ಒಳಗೇ ಕೆಲಸ, ಆಮೇಲೆ ಆ ಕಲ್ಲು ಮುಟ್ಟಲು ಆಗುವುದಿಲ್ಲ, ನಮ್ಮ ಬಿಸಿಲು ಗೊತ್ತಲ್ಲ.

ಕೆತ್ತುತ್ತಾ ಗೊತ್ತಾದ ಇನ್ನೊಂದು ವಿಷಯ. ಹಳೆಯ ಶಿಲ್ಪಿ ಹುಟ್ಟುಗಳನ್ನೆಲ್ಲ ಒಂದೇ ಓರೆಯಲ್ಲಿ, ಒಂದೇ ಅಂತರದಲ್ಲಿ ಇಟ್ಟಿದ್ದಾನೆ. ಫೋಟೋದಲ್ಲಿ ನೋಡಿದಾಗ ಇದು ಸೋಮಾರಿತನ ಅನ್ನಿಸಿತ್ತು. ಕೈಯಲ್ಲಿ ಉಳಿ ಹಿಡಿದರೆ ಕಾರಣ ತಿಳಿಯುತ್ತದೆ: ಸಮ ಅಂತರ ಇದ್ದರೆ ಉಳಿ ಒಂದೇ ಲಯದಲ್ಲಿ ಹೋಗುತ್ತದೆ, ಕಲ್ಲೂ ಕಡಿಮೆ ಒಡೆಯುತ್ತದೆ. ನೋಡುವವರಿಗೆ ಹಡಗು ವೇಗವಾಗಿ ಹೋಗುತ್ತಿರುವಂತೆ ಕಾಣುತ್ತದೆ. ಒಂದೇ ಏಟಿಗೆ ಎರಡೂ ಕೆಲಸ.

ಈಗ ನೀರು. ಹಡಗಿನ ಕೆಳಗೆ ಏನು ಕೆತ್ತುವುದು ಅಂತ ತುಂಬಾ ತಲೆ ಕೆಡಿಸಿಕೊಂಡಿದ್ದೆ. ಮೀನು, ಮೊಸಳೆ ಹಾಕಿದರೆ ಮಕ್ಕಳ ಪುಸ್ತಕದ ಚಿತ್ರ ಆಗುತ್ತದೆ. ಉತ್ತರ ಸಿಕ್ಕಿದ್ದು ಕೋಲ್ಕತ್ತದ ಲಸ್ಕರ್ ಸ್ಮಾರಕದ ಫೋಟೋಗಳಲ್ಲಿ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಹಡಗುಗಳಲ್ಲಿ ದುಡಿದು ಸತ್ತ 896 ಲಸ್ಕರರ ನೆನಪಿಗೆ 1924ರಲ್ಲಿ ತೆರೆದ ಕಂಬ ಅದು. ಲಸ್ಕರರು ಅಂದರೆ ಬಂಗಾಳ, ಅಸ್ಸಾಂ ಕಡೆಯಿಂದ ಹೋದ ಸಾಮಾನ್ಯ ಖಲಾಸಿಗಳು, ಬಾಯ್ಲರಿಗೆ ಕಲ್ಲಿದ್ದಲು ಹಾಕಿದವರು, ಅಡುಗೆ ಮಾಡಿದವರು. ಕಂಬದ ನಾಲ್ಕೂ ಬದಿಗೆ ಹಳೆಯ ಕಾಲದ ಹಡಗಿನ ಮೂತಿ ಹೊರಚಾಚಿದೆ. ಛಜ್ಜದ ಕೆಳಗೆ ಬಳುಕುವ ಗೆರೆಗಳು, ಅವೇ ಅಲೆ. ಅಷ್ಟೇ! ಬೇರೆ ಏನೂ ಇಲ್ಲ. ನನ್ನ ಹಲಗೆಗೂ ಮೂರು ಬಳುಕು ಗೆರೆ ಸಾಕು ಅಂತ ತೀರ್ಮಾನಿಸಿದ್ದೇನೆ. ಉಬ್ಬಾಗಿ ಅಲ್ಲ, ಒಳಗೆ ಕೊರೆದು. ಪದರ ಏಳುವ ಭಯವೂ ಇಲ್ಲ.

ನಡುವೆ ಬೀದರಿಗೂ ಹೋಗಿ ಬಂದೆ. ಗೋರನಳ್ಳಿ ಹತ್ತಿರ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನನ ಗೋರಿ ಇದೆ. ಅವನು ನಾವಿಕ ಅಲ್ಲ, ಗೊತ್ತು. ಆದರೆ ಇರಾನಿನ ಗಿಲಾನಿನಿಂದ ಹೊರಟು ದಾಭೋಳ ರೇವಿನಲ್ಲಿ ಇಳಿದು ಬೀದರಿಗೆ ಬಂದವನು. ಕುದುರೆ ವ್ಯಾಪಾರ, ಹಜ್ ಯಾತ್ರೆ ಎಲ್ಲ ಕಡಲಿನ ಮೇಲೆ ನಿಂತಿತ್ತು ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಡಗು ದೋಚುತ್ತಿದ್ದ ಕೊಂಕಣ ಕಡೆಯ ಖೇಲ್ನಾ, ಸಂಗಮೇಶ್ವರದ ದೊರೆಗಳನ್ನು ಮಣಿಸಿದ, 1472ರಲ್ಲಿ ಗೋವಾ ಹಿಡಿದ. 1481ರಲ್ಲಿ ಒಂದು ಸುಳ್ಳು ಪತ್ರ ನಂಬಿ ಸುಲ್ತಾನನೇ ಅವನ ತಲೆ ತೆಗೆಸಿದ. ಊರ ನಡುವೆ ಅವನ ಮದರಸಾ ಇನ್ನೂ ಜನರನ್ನು ಸೆಳೆಯುತ್ತಿದೆ, ಗೋರಿ ಮಾತ್ರ ತೀರಾ ಸಾದಾ. ಎತ್ತರದ ಕಟ್ಟೆ, ಮೇಲೆ ಗುಮ್ಮಟ ಇಲ್ಲ. ಅಷ್ಟೂರಿನ ಸುಲ್ತಾನರ ಗುಮ್ಮಟಗಳನ್ನು ನೋಡಿ ಇಲ್ಲಿಗೆ ಬಂದರೆ ಸ್ವಲ್ಪ ಸಿಟ್ಟೇ ಬರುತ್ತದೆ. ನನ್ನ ಪಟ್ಟಿಗೆ ಅವನನ್ನು ಸೇರಿಸಿಲ್ಲ, ಕಡಲಿಗೂ ಬೀದರಿಗೂ ಇದ್ದ ನಂಟಿಗೆ ಒಂದು ನಮಸ್ಕಾರ ಹಾಕಿ ಬಂದೆ ಅಷ್ಟೆ. ಅದೇ ಕಾಲಕ್ಕೆ ಚೌಲದಲ್ಲಿ ಇಳಿದು ಬೀದರ್ ನೋಡಿದ ರಷ್ಯನ್ ವ್ಯಾಪಾರಿ ಅಫನಾಸಿ ನಿಕಿತಿನ್ ಊರು ಮುಟ್ಟುವ ಮೊದಲೇ ದಾರಿಯಲ್ಲಿ ತೀರಿಕೊಂಡ. ಅವನ ಊರಾದ ತ್ವೇರ್‌ನಲ್ಲಿ 1955ರಲ್ಲಿ ನಿಲ್ಲಿಸಿದ ಪ್ರತಿಮೆಯ ಕೆಳಗೂ ಹಡಗಿನ ಮೂತಿಯೇ ಇದೆ.

ಎಲ್ಲಿ ನೋಡಿದರೂ ಹಡಗು. ನೆಲದ ಮೇಲೆ ಸತ್ತವನಿಗೆ ಗೋರಿಯೋ ಸುಟ್ಟ ಜಾಗವೋ ಏನಾದರೂ ಇರುತ್ತದೆ. ಕಡಲಲ್ಲಿ ಸತ್ತವನಿಗೆ ಆ ಜಾಗವೇ ಇಲ್ಲ. ಹಾಗಾಗಿ ಕಲ್ಲು ಕೆತ್ತುವವನ ಕೈಯಲ್ಲಿ ಉಳಿಯುವುದು ಎರಡೇ, ಹಡಗು ಅಥವಾ ಹೆಸರು. ಎಕ್ಸರ್‌ನವರು ಹಡಗು ಕೆತ್ತಿದರು, ಅದರಲ್ಲಿದ್ದವರು ಯಾರು ಅಂತ ಈಗ ಹೇಳುವವರಿಲ್ಲ. ಎರಡನೇ ಮಹಾಯುದ್ಧದಲ್ಲಿ ಸತ್ತ ಅವಿಭಜಿತ ಭಾರತದ ನಾವಿಕರದು ಇದಕ್ಕೆ ಉಲ್ಟಾ. ಆರು ಸಾವಿರಕ್ಕೂ ಹೆಚ್ಚು ಹೆಸರುಗಳು ಪುಸ್ತಕದಲ್ಲಿವೆ, ಒಂದು ಪ್ರತಿ ಮುಂಬೈಯಲ್ಲಿ, ಇನ್ನೊಂದು ಚಿತ್ತಗಾಂಗ್‌ನಲ್ಲಿ. ಕಲ್ಲಿನ ಮೇಲೆ ಇಲ್ಲ. ನನಗೆ ಹಿಡಿಸಿದ್ದು ಲಂಡನ್ನಿನ ಟವರ್ ಹಿಲ್ ನಾವಿಕರ ಸ್ಮಾರಕದ ಕ್ರಮ. ಮೇಲೆ ಹಡಗಿನ ಹೆಸರು, ಅದರ ಕೆಳಗೆ ಅದರ ಜನ. ಮುಳುಗುವಾಗ ಹೇಗೆ ಒಟ್ಟಿಗೆ ಇದ್ದರೋ ಹಾಗೇ.

ಮುಂದಿನ ಹಲಗೆ ಅದೇ ಕ್ರಮದಲ್ಲಿ, ಐಎನ್‌ಎಸ್ ಖುಕ್ರಿಗೆ. 1971ರ ಡಿಸೆಂಬರ್ 9ರ ರಾತ್ರಿ ದಿಯು ಹತ್ತಿರ ಪಾಕಿಸ್ತಾನದ ಜಲಾಂತರ್ಗಾಮಿ ಹಂಗೋರ್ ಹೊಡೆದ ಟಾರ್ಪಿಡೋಗೆ ಮುಳುಗಿದ ಹಡಗು. ಸತ್ತವರು 18 ಅಧಿಕಾರಿಗಳು, 176 ನಾವಿಕರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಡಲಿಲ್ಲ, ಅವರಿಗೆ ಮಹಾವೀರ ಚಕ್ರ ಬಂತು. ದಿಯುವಿನ ಸ್ಮಾರಕದಲ್ಲಿ ಇಟ್ಟಿರುವುದು ಗಾಜಿನೊಳಗಿನ ಹಡಗಿನ ಮಾದರಿ. ಎಕ್ಸರ್‌ನ ಶಿಲ್ಪಿಗೂ ಇದಕ್ಕೂ ಏಳು ನೂರು ವರ್ಷ ಅಂತರ, ಯೋಚನೆ ಮಾತ್ರ ಅದೇ.

ಹೆಸರುಗಳ ಲೆಕ್ಕ ಹಾಕಿದೆ. ಒಟ್ಟು 194. ನನ್ನ ಹಲಗೆ ಎರಡು ಅಡಿ ಉದ್ದ, ಒಂದು ಅಡಿ ಅಗಲ. ಇಂಗ್ಲಿಷ್ ಅಕ್ಷರ ಆಗಿದ್ದರೆ ಸಾಲುಗಳನ್ನು ಒತ್ತೊತ್ತಾಗಿ ಕೂರಿಸಬಹುದಿತ್ತು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. 'ಮಹೇಂದ್ರ' ಅಂತ ಒಂದು ಹೆಸರು ಕೆತ್ತಿದರೆ ರ ಒತ್ತು ಕೆಳಗಿನ ಸಾಲಿನ ತಲೆ ಮುಟ್ಟುತ್ತದೆ. ಅಕ್ಷರ ಹನ್ನೆರಡು ಮಿಲಿಮೀಟರ್ ಇದ್ದರೆ ಸಾಲಿಗೆ ಇಪ್ಪತ್ತೆರಡಾದರೂ ಬೇಕು. ಒಂದು ಹಲಗೆಗೆ ಎರಡು ಕಾಲಂ, ಅಂದರೆ ಐವತ್ತಕ್ಕಿಂತ ಸ್ವಲ್ಪ ಜಾಸ್ತಿ ಹೆಸರು. ಒಟ್ಟು ನಾಲ್ಕು ಹಲಗೆ. ದುಂಡು ಅಕ್ಷರದ ಸುರುಳಿಯಲ್ಲಿ ಉಳಿ ತಿರುಗಿಸುವುದು ಬೇರೆ ತಲೆನೋವು, ಅದಕ್ಕೆ ಒಡೆದ ಚೂರುಗಳ ಮೇಲೆ 'ಖು' ಮತ್ತು 'ಕ್ರಿ' ಕೆತ್ತಿ ಕೈ ಪಳಗಿಸುತ್ತಿದ್ದೇನೆ. 'ಖು' ಸಲೀಸು. 'ಕ್ರಿ' ಇನ್ನೂ ಸರಿ ಕೂತಿಲ್ಲ.

ಹೆಸರಿನ ಹಲಗೆಗಳಿಗೆ ಒಂದೂವರೆ ಇಂಚು ದಪ್ಪ ಸಾಕು, ಅದು ಎಲ್ಲಾ ಅಂಗಡಿಯಲ್ಲೂ ಇದೆ. ಮೇಲೆ ಹೊರಚಾಚುವ ಹಡಗಿನ ಮೂತಿಗೆ ಮಾತ್ರ ಮೂರು ಇಂಚಿನ ಒಂದೇ ಗಟ್ಟಿ ತುಂಡು ಬೇಕು. ಅಂಗಡಿಯವರೊಬ್ಬರು ಎರಡು ಹಲಗೆ ಅಂಟಿಸಿದ್ದನ್ನೇ ಮೂರು ಇಂಚು ಅಂತ ತೋರಿಸಿದರು, ಪಕ್ಕದಿಂದ ನೋಡಿದರೆ ಅಂಟಿನ ಗೆರೆ ಕಾಣುತ್ತಿತ್ತು. ಶಹಾಬಾದ್, ವಾಡಿ, ಚಿತ್ತಾಪುರ ಕಡೆ ದಪ್ಪ ಕಲ್ಲು ತೆಗೆಯುವ ಗಣಿ ಗೊತ್ತಿದ್ದವರು ದಯವಿಟ್ಟು ತಿಳಿಸಿ. ಪಾಲಿಶ್ ಬೇಡ, ಬಣ್ಣ ಯಾವುದಾದರೂ ಆದೀತು.