ಬ್ಲೋವರ್ ಮುಟ್ಟುವ ಮೊದಲು ಸ್ಲಡ್ಜ್‌ನ ವಯಸ್ಸು ನೋಡಿ

ಸೂಕ್ಷ್ಮಜೀವಿಗಳಿರುವ ಕೆಸರಿನಿಂದ (ಸ್ಲಡ್ಜ್) ಕೊಳಚೆ ನೀರನ್ನು ಶುದ್ಧೀಕರಿಸುವ ಆಕ್ಟಿವೇಟೆಡ್ ಸ್ಲಡ್ಜ್ ಘಟಕದಿಂದ ಹೊರಬರುವ ನೀರು ಕೆಟ್ಟ ತಕ್ಷಣ ಹೆಚ್ಚಿನವರ ಕೈ ಹೋಗುವುದು ಬ್ಲೋವರ್ ಕಡೆಗೆ. ಗಾಳಿ ಹೆಚ್ಚಿಸುತ್ತಾರೆ, ಕರೆಂಟ್ ಬಿಲ್ ಏರುತ್ತದೆ, ನೀರು ಮಾತ್ರ ಹಾಗೇ ಇರುತ್ತದೆ. ಮೊದಲು ನೋಡಬೇಕಾದದ್ದು ಸ್ಲಡ್ಜ್‌ನ ವಯಸ್ಸು, ಅಂದರೆ ಸೂಕ್ಷ್ಮಜೀವಿಗಳು ಸರಾಸರಿ ಎಷ್ಟು ದಿನ ವ್ಯವಸ್ಥೆಯೊಳಗೆ ಉಳಿಯುತ್ತವೆ ಎನ್ನುವುದು. ಯಾವ ಜೀವಿ ಬದುಕುತ್ತದೆ, ಎಷ್ಟು ಆಮ್ಲಜನಕ ಬೇಕು, ಕೆಸರು ಹೇಗೆ ಕೂರುತ್ತದೆ ಎಂಬುದನ್ನೆಲ್ಲ ಬಹುಪಾಲು ಅದೇ ತೀರ್ಮಾನಿಸುತ್ತದೆ.

ಲೆಕ್ಕ ಕಷ್ಟವಲ್ಲ. ಗಾಳಿ ಊದುವ ಏರೇಶನ್ ಟ್ಯಾಂಕ್ 500 ಘನ ಮೀಟರ್, ಎಂಎಲ್‌ಎಸ್‌ಎಸ್ (ಟ್ಯಾಂಕಿನ ಮಿಶ್ರಣದಲ್ಲಿ ತೇಲುವ ಘನವಸ್ತು) ಲೀಟರಿಗೆ 3500 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಒಳಗಿರುವ ಘನವಸ್ತು 1750 ಕೆಜಿ. 10 ದಿನದ ವಯಸ್ಸು ಬೇಕೆಂದರೆ ದಿನಕ್ಕೆ 175 ಕೆಜಿ ಹೊರಹೋಗಬೇಕು. ದಿನದ ಹರಿವು 1000 ಘನ ಮೀಟರ್ ಇದ್ದು, ಹೊರನೀರಿನಲ್ಲಿ ಲೀಟರಿಗೆ 20 ಮಿಲಿಗ್ರಾಂ ತೇಲುಕಣ ಹೋಗುತ್ತಿದ್ದರೆ 20 ಕೆಜಿ ಅಲ್ಲೇ ಕಳೆಯಿತು. ಉಳಿದ 155 ಕೆಜಿಯನ್ನು, ಕೂತ ಮೇಲೆ ಟ್ಯಾಂಕಿಗೆ ಮರಳಿಸುವ, ಲೀಟರಿಗೆ 8000 ಮಿಲಿಗ್ರಾಂ ಸಾಂದ್ರತೆಯ ರಿಟರ್ನ್ ಸ್ಲಡ್ಜ್‌ನಿಂದ ತೆಗೆದರೆ ದಿನಕ್ಕೆ ಸುಮಾರು 19.4 ಘನ ಮೀಟರ್. ವಾರಕ್ಕೊಮ್ಮೆ ಒಟ್ಟಿಗೆ ತೆಗೆಯಬೇಡಿ. ದಿನವೂ, ಸಾಧ್ಯವಾದರೆ ದಿನವಿಡೀ ಹಂಚಿ ತೆಗೆಯಿರಿ. ತೆಗೆಯುವ ಪ್ರಮಾಣ ಬದಲಾಯಿಸುವುದಿದ್ದರೆ ದಿನಕ್ಕೆ ಶೇ 10–15ಕ್ಕಿಂತ ಹೆಚ್ಚು ಬೇಡ. ಪರಿಣಾಮ ಪೂರ್ತಿ ಕಾಣಲು ಸ್ಲಡ್ಜ್ ವಯಸ್ಸಿನ ಎರಡು ಮೂರು ಪಟ್ಟು ಕಾಲ ಹಿಡಿಯುತ್ತದೆ, ಮಧ್ಯೆ ಕೈಯಾಡಿಸಿದರೆ ಯಾವುದರಿಂದ ಏನಾಯಿತೆಂದೇ ಗೊತ್ತಾಗುವುದಿಲ್ಲ.

ಅಮೋನಿಯಾ ಇಳಿಯಬೇಕೆಂದರೆ ಅದನ್ನು ನೈಟ್ರೇಟ್ ಆಗಿಸುವ, ನಿಧಾನವಾಗಿ ಬೆಳೆಯುವ ನೈಟ್ರಿಫೈಯರ್ ಬ್ಯಾಕ್ಟೀರಿಯಾ ಉಳಿಯಬೇಕು. ನೀರು 20 ಡಿಗ್ರಿ ಇದ್ದರೆ 5–8 ದಿನದ ಸ್ಲಡ್ಜ್ ವಯಸ್ಸು ಸಾಕಾದೀತು. 10 ಡಿಗ್ರಿಗೆ ಇಳಿದರೆ ದುಪ್ಪಟ್ಟೋ ಇನ್ನೂ ಹೆಚ್ಚೋ ಬೇಕು. ಇಲ್ಲಿ ಹಲವರು ಮರೆಯುವುದು ಕ್ಷಾರತೆಯನ್ನು, ಅಂದರೆ ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿಯನ್ನು. ಒಂದು ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು 4.57 ಗ್ರಾಂ ಆಮ್ಲಜನಕ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ 7.14 ಗ್ರಾಂ ಕ್ಷಾರತೆ ಖರ್ಚಾಗುತ್ತದೆ. ಲೀಟರಿಗೆ 40 ಮಿಲಿಗ್ರಾಂ ಅಮೋನಿಯಾ ಸಾರಜನಕ ತೆಗೆಯಲು 286 ಮಿಲಿಗ್ರಾಂ ಕ್ಷಾರತೆ ಬೇಕು. ಒಳನೀರಿನಲ್ಲೇ ಇರುವುದು 250 ಆದರೆ ಪಿಎಚ್ ಕುಸಿದು ನೈಟ್ರಿಫಿಕೇಶನ್ ನಿಂತುಹೋಗುತ್ತದೆ, ಎಷ್ಟು ಗಾಳಿ ಊದಿದರೂ ಅಷ್ಟೆ. ಗಾಳಿಯಿಲ್ಲದ ಅನಾಕ್ಸಿಕ್ ವಲಯದಲ್ಲಿ ಡಿನೈಟ್ರಿಫಿಕೇಶನ್ (ನೈಟ್ರೇಟ್ ಒಡೆದು ಸಾರಜನಕ ಅನಿಲವಾಗುವುದು) ಮಾಡಿಸಿದರೆ ಆ ಕ್ಷಾರತೆಯಲ್ಲಿ ಅರ್ಧದವರೆಗೆ ಮರಳಿ ಸಿಗುತ್ತದೆ. ತೆಗೆದ ಪ್ರತಿ ಗ್ರಾಂ ನೈಟ್ರೇಟ್ ಸಾರಜನಕಕ್ಕೆ 2.86 ಗ್ರಾಂ ಆಮ್ಲಜನಕವೂ ಉಳಿತಾಯ. ವಿನ್ಯಾಸದಲ್ಲೇ ಆ ವಲಯಕ್ಕೆ ಜಾಗ ಬಿಡುವುದು ನನ್ನ ಪ್ರಕಾರ ಮಾತಿಲ್ಲದೆ ಒಪ್ಪಬೇಕಾದ ಸಂಗತಿ.

ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಸಾಕು. 25 ಡಿಗ್ರಿ ಶುದ್ಧ ನೀರಿನ ಗರಿಷ್ಠ ಮಿತಿಯೇ ಸುಮಾರು 8.2. ಟ್ಯಾಂಕಿನಲ್ಲಿ 2 ಇದ್ದಾಗ ಆಮ್ಲಜನಕವನ್ನು ಒಳಕ್ಕೆ ತಳ್ಳುವ ಅಂತರ 6.2, 5ಕ್ಕೆ ಏರಿಸಿದರೆ ಬರೀ 3.2. ಅಂದರೆ ಅದೇ ಗಾಳಿಯಿಂದ ಹೆಚ್ಚುಕಡಿಮೆ ಅರ್ಧದಷ್ಟೇ ನೀರಿಗಿಳಿಯುತ್ತದೆ. ರಾತ್ರಿ ಹೊರೆ ಇಳಿದಾಗಲೂ ಬ್ಲೋವರ್ ಒಂದೇ ವೇಗದಲ್ಲಿ ಓಡುವ ಕಡೆಗಳಲ್ಲಿ ಆಗುವುದು ಇದೇ.

ಇನ್ನು ಕೆಸರು ಹೇಗೆ ಕೂರುತ್ತದೆಂದು ನೋಡುವ ಅಳತೆ ಜಾಡಿ. ಏರೇಶನ್ ಟ್ಯಾಂಕಿನ ಒಂದು ಲೀಟರ್ ಮಿಶ್ರಣ 30 ನಿಮಿಷ ಕೂರಲಿ. ಕೆಸರು 280 ಮಿಲಿಲೀಟರಿಗೆ ಇಳಿದರೆ, ಎಂಎಲ್‌ಎಸ್‌ಎಸ್ 3500 ಇರುವಾಗ ಎಸ್‌ವಿಐ (ಒಂದು ಗ್ರಾಂ ಕೆಸರು ಕೂತಾಗ ಹಿಡಿಯುವ ಜಾಗ, ಮಿಲಿಲೀಟರಿನಲ್ಲಿ) 80, ಚೆನ್ನಾಗಿದೆ. 900ರಲ್ಲೇ ನಿಂತರೆ ಗಾಬರಿಯಾಗಿ ಕ್ಲೋರಿನ್ ಸುರಿಯಬೇಡಿ. ಅರ್ಧ ಮಿಶ್ರಣಕ್ಕೆ ಅರ್ಧ ಶುದ್ಧೀಕರಿಸಿದ ನೀರು ಸೇರಿಸಿ ಮತ್ತೆ ನೋಡಿ. ಸರಸರನೆ 250ರ ಹತ್ತಿರ ಇಳಿದರೆ ಘನವಸ್ತು ದಟ್ಟವಾಗಿದೆ, ಸ್ಲಡ್ಜ್ ತೆಗೆಯುವುದು ಹೆಚ್ಚಬೇಕು. ಆಗಲೂ ಉಬ್ಬಿಕೊಂಡೇ ಇದ್ದರೆ ನೂಲಿನಂಥ ಬ್ಯಾಕ್ಟೀರಿಯಾ ಹೆಚ್ಚಿವೆ: ಕಡಿಮೆ ಆಮ್ಲಜನಕವೋ, ಸಾರಜನಕ ಅಥವಾ ರಂಜಕದ ಕೊರತೆಯೋ, ಆಹಾರವೇ ಸಾಲದೋ ಹುಡುಕಿ. ಬಿಒಡಿ (ಕೊಳೆ ಒಡೆಯಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ), ಸಾರಜನಕ, ರಂಜಕದ ಅನುಪಾತ 100:5:1ರ ಆಸುಪಾಸು ಇರಲಿ.

ಚೆನ್ನಾಗಿ ಕೂತ ಕೆಸರು ಮತ್ತೊಂದು ಗಂಟೆಯಲ್ಲಿ ಗುಳ್ಳೆಗಳೊಂದಿಗೆ ಗಂಟುಗಂಟಾಗಿ ಮೇಲೆದ್ದರೆ ಅದು ಬೇರೆಯೇ ರೋಗ. ನೈಟ್ರೇಟ್ ಒಡೆದು ಹುಟ್ಟಿದ ಸಾರಜನಕ ಅನಿಲ ಅದನ್ನೆತ್ತುತ್ತಿದೆ. ಕೆಸರು ಕೂರುವ ಟ್ಯಾಂಕಾದ ಕ್ಲಾರಿಫೈಯರ್‌ನಲ್ಲಿ ಅದು ತಂಗುವ ಹೊತ್ತು ಕಡಿಮೆಯಾಗುವಂತೆ ರಿಟರ್ನ್ ಪಂಪ್ ಹೆಚ್ಚಿಸಿ.

ಹೊಸ ಘಟಕ ಕಟ್ಟುವವರಿಗೆ ಒಂದು ಮಾತು: ಸ್ಲಡ್ಜ್ ಹೊರಹಾಕುವ ಪೈಪಿಗೆ ಫ್ಲೋ ಮೀಟರ್ ಹಾಕಿ. ಅದಿಲ್ಲದಿದ್ದರೆ ಮೇಲಿನ 19.4 ಘನ ಮೀಟರ್ ಎನ್ನುವುದು ವಾಲ್ವ್ ಎಷ್ಟು ಹೊತ್ತು ತೆರೆದಿತ್ತೆಂಬ ಊಹೆಯಾಗಿಯೇ ಉಳಿಯುತ್ತದೆ.