ಹಳೆಯ ಸಿ.ಡಿ. ಚೂರಿನ ಬಣ್ಣ ಎಷ್ಟು ವರ್ಷ ಉಳಿಯುತ್ತದೆ?

ಬಿಸಾಡಿದ ಸಿ.ಡಿ., ಡಿ.ವಿ.ಡಿ.ಗಳನ್ನು ಕತ್ತರಿಸಿ, ಗುಜರಿಯಿಂದ ಆಯ್ದ ತಾಮ್ರ, ಹಿತ್ತಾಳೆ ಮತ್ತು ಅಲ್ಯೂಮಿನಿಯಂ ತಗಡಿನ ತುಂಡುಗಳೊಂದಿಗೆ ಜೋಡಿಸಿ ನಾನು ಮೊಸಾಯಿಕ್ ಫಲಕಗಳನ್ನು ಮಾಡುತ್ತೇನೆ. ನೋಡಿದವರಲ್ಲಿ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: ಈ ಬಣ್ಣ ಎಷ್ಟು ವರ್ಷ ಇರುತ್ತದೆ? ಕೆಲವರು ಕುತೂಹಲಕ್ಕೆ ಕೇಳುತ್ತಾರೆ, ಕೆಲವರು ಕೊಳ್ಳುವ ಮೊದಲು ಖಾತ್ರಿ ಮಾಡಿಕೊಳ್ಳಲು ಕೇಳುತ್ತಾರೆ, ಕಸದಿಂದ ಮಾಡಿದ್ದು ಕಡೆಗೆ ಕಸವೇ ಆಗುತ್ತದೆ ಎಂದು ಮೊದಲೇ ತೀರ್ಮಾನಿಸಿದವರೂ ಕೇಳುತ್ತಾರೆ. ಎಲ್ಲರಿಗೂ ನನ್ನ ಉತ್ತರ ಒಂದೇ. ಬಣ್ಣ ಮಾಸುವುದಿಲ್ಲ, ಏಕೆಂದರೆ ಅಲ್ಲಿ ಬಣ್ಣ ಬಳಿದೇ ಇಲ್ಲ. ಹಾಳಾಗುವುದು ಅದರ ಹಿಂದಿರುವ ಲೋಹ, ಮತ್ತು ಆ ಲೋಹ ಉಳಿಯುವುದೂ ಅಳಿಯುವುದೂ ಬಹುಮಟ್ಟಿಗೆ ನಾವು ಬಳಸುವ ಅಂಟು ಮತ್ತು ಗಾರೆಯ ಕೈಯಲ್ಲಿದೆ.

ಡಬ್ಬಿಯ ಬಣ್ಣದಲ್ಲಿರುವ ವರ್ಣದ್ರವ್ಯ ಬೆಳಕಿನ ಒಂದು ಭಾಗವನ್ನು ಹೀರಿಕೊಂಡು ಉಳಿದದ್ದನ್ನು ನಮ್ಮ ಕಣ್ಣಿಗೆ ಕಳುಹಿಸುತ್ತದೆ. ಅತಿನೇರಳೆ ಕಿರಣಗಳು ಅದರ ಅಣುಗಳನ್ನು ಒಡೆಯುತ್ತ ಹೋದಂತೆ ಅದು ಮಾಸುತ್ತದೆ. ಸಿ.ಡಿ.ಯ ಮೇಲೆ ಕಾಣುವ ಕಾಮನಬಿಲ್ಲು ಹುಟ್ಟುವ ಬಗೆಯೇ ಬೇರೆ. ಡಿಸ್ಕಿನೊಳಗಿನ ಮಾಹಿತಿ ಒಂದು ಉದ್ದನೆಯ ಸುರುಳಿಯಾಗಿ ಅಚ್ಚಾಗಿರುತ್ತದೆ, ಮತ್ತು ಆ ಸುರುಳಿಯ ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ನಡುವಿನ ಅಂತರ 1.6 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರ್ ಅಗಲದಲ್ಲಿ 625 ಸುತ್ತುಗಳು. ಬೆಳಕಿನ ತರಂಗದೂರಕ್ಕೆ ಹತ್ತಿರವಾದ ಈ ಅಂತರದ ಮೇಲೆ ಬಿದ್ದ ಬೆಳಕು ವಿವರ್ತನೆಗೊಂಡು, ಒಂದೊಂದು ಬಣ್ಣ ಒಂದೊಂದು ಕೋನದಲ್ಲಿ ಹೊರಬರುತ್ತದೆ. ನವಿಲುಗರಿಯ ನೀಲಿಯೂ ಹೀಗೆ ಸೂಕ್ಷ್ಮ ರಚನೆಯಿಂದ ಬಂದದ್ದೇ. ರಚನೆ ಇರುವಷ್ಟು ಕಾಲ ಬಣ್ಣವೂ ಇರುತ್ತದೆ.

ಹಾಗಿದ್ದರೂ "ಮನೆಗೆ ತಂದ ಮೇಲೆ ಬಣ್ಣ ಮಂಕಾಯಿತು" ಎನ್ನುವವರಿದ್ದಾರೆ. ಹೆಚ್ಚಿನ ಸಲ ಅಲ್ಲಿ ಬದಲಾಗಿರುವುದು ಫಲಕವಲ್ಲ, ಅದರ ಮೇಲೆ ಬೀಳುವ ಬೆಳಕು. ಬೆಳಕು ನೇರವಾಗಿ ಬಿದ್ದಾಗ ಸಿ.ಡಿ.ಯ ಮೊದಲ ವರ್ಣಪಟ್ಟಿ ಸುಮಾರು 14ರಿಂದ 24 ಡಿಗ್ರಿಯ ಕಿರಿದಾದ ಕೋನದೊಳಗೇ ಮುಗಿಯುತ್ತದೆ. ಸುತ್ತುಗಳ ಅಂತರ 0.74 ಮೈಕ್ರೋಮೀಟರ್ ಇರುವ ಡಿ.ವಿ.ಡಿ.ಯಲ್ಲಿ ಅದೇ ಪಟ್ಟಿ ಸುಮಾರು 33ರಿಂದ 61 ಡಿಗ್ರಿಯವರೆಗೆ ಹರಡಿಕೊಳ್ಳುತ್ತದೆ. ಆದ್ದರಿಂದ ಒಂದೇ ದೀಪದ ಕೆಳಗೆ ಸಿ.ಡಿ. ಚೂರು ಬೂದಿಯಾಗಿ ಕಾಣುವ ಜಾಗದಲ್ಲಿ ನಿಂತಾಗ ಡಿ.ವಿ.ಡಿ. ಚೂರು ಕೆಂಪಾಗಿ ಹೊಳೆಯಬಹುದು, ಮತ್ತು ಇವೆರಡನ್ನೂ ಬೆರೆಸಿದ ಫಲಕ ನೋಡುವವರು ನಡೆದಾಡಿದಂತೆ ಹೆಚ್ಚು ಹೊತ್ತು ಜೀವಂತವಾಗಿರುತ್ತದೆ. ಚೂರನ್ನು ಯಾವ ದಿಕ್ಕಿಗೆ ಕೂರಿಸಿದ್ದೇವೆ ಎಂಬುದೂ ಅಷ್ಟೇ ಮುಖ್ಯ: ಬೆಳಕು ಸುರುಳಿಯ ಗೆರೆಗಳನ್ನು ಅಡ್ಡ ಹಾಯ್ದಾಗ ಬಣ್ಣಗಳು ಬಿಚ್ಚಿಕೊಳ್ಳುತ್ತವೆ, ಅದೇ ಚೂರನ್ನು ಕಾಲು ಸುತ್ತು ತಿರುಗಿಸಿ ಅಂಟಿಸಿದರೆ ಬರಿಯ ಬೆಳ್ಳಿ ತಗಡಾಗುತ್ತದೆ. ಕತ್ತರಿಸುವ ಮೊದಲೇ ಪ್ರತಿ ಡಿಸ್ಕಿನ ಹಿಂಬದಿಯಲ್ಲಿ ನಡುವಿನಿಂದ ಅಂಚಿನವರೆಗೆ ಕಿರಣಗಳಂತೆ ಗೆರೆ ಎಳೆದುಕೊಳ್ಳುವುದು ಇದೇ ಕಾರಣಕ್ಕೆ. ಚೂರಾದ ಮೇಲೆ ದಿಕ್ಕನ್ನು ಕಣ್ಣಿನಿಂದ ಗುರುತಿಸುವುದು ಬೇಸರದ ಕೆಲಸ. ಮೋಡ ಕವಿದ ದಿನದ ಚದುರಿದ ಬೆಳಕಿನಲ್ಲಂತೂ ಯಾವ ಫಲಕವೂ ಪೂರ್ತಿ ಅರಳುವುದಿಲ್ಲ. ಒಂದು ಚಿಕ್ಕ, ಪ್ರಖರವಾದ ದೀಪ ಅದಕ್ಕೆ ಬೇಕು.

ಇನ್ನು ನಿಜವಾದ ಸಾವಿನ ವಿಷಯ. ಸಿ.ಡಿ. ಎಂದರೆ 1.2 ಮಿಲಿಮೀಟರ್ ದಪ್ಪದ, ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್‌ನ ತಟ್ಟೆ. ಅದರ ಮೇಲೆ ನ್ಯಾನೊಮೀಟರ್‌ಗಳಲ್ಲಿ ಅಳೆಯಬೇಕಾದಷ್ಟು ತೆಳುವಾದ ಅಲ್ಯೂಮಿನಿಯಂ ಲೇಪ, ಅದರ ಮೇಲೆ ಒಂದು ಪದರ ವಾರ್ನಿಷ್, ಅದರ ಮೇಲೆ ಹೆಸರಿನ ಮುದ್ರಣ. ಕನ್ನಡಿಯಾಗಿ ಕೆಲಸ ಮಾಡುವ ಆ ಲೇಪಕ್ಕೆ ಹಿಂಬದಿಯಲ್ಲಿ ರಕ್ಷಣೆ ಎಂದಿರುವುದು ವಾರ್ನಿಷ್ ಒಂದೇ. ಡಿ.ವಿ.ಡಿ.ಯಲ್ಲಾದರೆ 0.6 ಮಿಲಿಮೀಟರಿನ ಎರಡು ತಟ್ಟೆಗಳ ನಡುವೆ ಲೋಹ ಬೆಚ್ಚಗೆ ಕುಳಿತಿರುತ್ತದೆ. ಮೊಸಾಯಿಕ್ ಕಲೆಗೆ ಈ ಉಪಾಯ ಹೊಸದೇನಲ್ಲ. ಇಟಲಿಯ ರವೆನ್ನಾದಲ್ಲಿ, 547ರಲ್ಲಿ ಪ್ರತಿಷ್ಠಾಪನೆಗೊಂಡ ಸಾನ್ ವಿತಾಲೆ ಚರ್ಚಿನ ಗೋಡೆಗಳ ಚಿನ್ನದ ಚೂರುಗಳಲ್ಲಿ ಚಿನ್ನದ ರೇಕು ಹೀಗೆಯೇ ದಪ್ಪ ಗಾಜು ಮತ್ತು ತೆಳು ಗಾಜಿನ ನಡುವೆ ಇದೆ. ಅಲ್ಲಿ ಒಳಗಿರುವುದು ಎಂದೂ ತುಕ್ಕು ಹಿಡಿಯದ ಚಿನ್ನ, ಹೊರಗಿರುವುದು ಗಾಜು; ನಮ್ಮಲ್ಲಿರುವುದು ಬೇಗ ಉತ್ಕರ್ಷಣಗೊಳ್ಳುವ ಅಲ್ಯೂಮಿನಿಯಂ ಮತ್ತು ಬಿಸಿಲಿಗೆ ಹಳದಿಯಾಗುವ ಪ್ಲಾಸ್ಟಿಕ್. ಹದಿನಾಲ್ಕು ಶತಮಾನಗಳ ಮಾತನ್ನು ನಾನು ಯಾರಿಗೂ ಕೊಡುವುದಿಲ್ಲ.

ಆದರೂ 1982ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂದ ಮೊದಲ ವರ್ಷಗಳ ಅನೇಕ ಡಿಸ್ಕ್‌ಗಳು ಇಂದಿಗೂ ಹೊಳೆಯುತ್ತಿವೆ, ಹಾಡುತ್ತಲೂ ಇವೆ. ವಾರ್ನಿಷ್ ಸರಿಯಾಗಿ ಮುಚ್ಚದೆ ಅಂಚಿನಿಂದ ಗಾಳಿ ಹೊಕ್ಕವು ಹಾಳಾದವು. ನಮ್ಮ ಕಷ್ಟವೆಂದರೆ ನಾವು ಅಂಚುಗಳನ್ನು ಸೃಷ್ಟಿಸುತ್ತಲೇ ಇರುತ್ತೇವೆ. ಇಡೀ ಡಿಸ್ಕಿನ ಹೊರ ಅಂಚು ಸುಮಾರು 38 ಸೆಂಟಿಮೀಟರ್. ಅದನ್ನೇ ಒಂದು ಸೆಂಟಿಮೀಟರಿನ 70 ಚೌಕಗಳಾಗಿ ಕತ್ತರಿಸಿದರೆ ತೆರೆದ ಅಂಚು 280 ಸೆಂಟಿಮೀಟರ್ ಆಗುತ್ತದೆ, ಮತ್ತು ಅಷ್ಟುದ್ದಕ್ಕೂ ತೇವ ಒಳನುಗ್ಗಬಹುದು. ಕತ್ತರಿಸುವ ಮೊದಲು ಡಿಸ್ಕನ್ನು ಬಿಸಿನೀರಿನಲ್ಲಿ ನೆನೆಸಿದರೆ ಅಂಚು ಸೀಳುವುದು ಕಡಿಮೆ. ಹಿಂಬದಿಗೆ ಅಂಟುಪಟ್ಟಿ ಒತ್ತಿ ಕಿತ್ತಾಗ ಲೇಪವೂ ಎದ್ದುಬರುವ ಡಿಸ್ಕನ್ನು ನಾನು ಬಳಸುವುದೇ ಇಲ್ಲ. ಕತ್ತರಿಸಿದ ಮೇಲೆ ಪ್ರತಿ ಚೂರಿನ ಅಂಚಿಗೂ ಎಪಾಕ್ಸಿ ಎಂಬ, ಒಣಗಿ ಗಟ್ಟಿಯಾಗುವ ಪಾರದರ್ಶಕ ಅಂಟನ್ನು ಸವರುವುದು ತಾಳ್ಮೆ ಕೆಡಿಸುವ ಕೆಲಸವಾದರೂ ಫಲಕದ ಆಯುಷ್ಯ ನಿರ್ಧಾರವಾಗುವುದು ಅಲ್ಲಿಯೇ.

ಚೂರುಗಳ ಸಂದುಗಳಿಗೆ ಸಿಮೆಂಟ್ ಗ್ರೌಟ್, ಅಂದರೆ ಸಿಮೆಂಟಿನ ಗಾರೆ, ತುಂಬುವುದು ಕಲ್ಲು ಮತ್ತು ಗಾಜಿನ ಮೊಸಾಯಿಕ್‌ನಿಂದ ಬಂದ ಅಭ್ಯಾಸ. ಹಸಿ ಸಿಮೆಂಟ್ ತೀಕ್ಷ್ಣ ಕ್ಷಾರ. ಕ್ಷಾರ ತಾಗಿದರೆ ಅಲ್ಯೂಮಿನಿಯಂ ಕರಗುತ್ತದೆ. ಎಪಾಕ್ಸಿ ಸವರದ ಚೂರುಗಳ ನಡುವೆ ಸಿಮೆಂಟ್ ತುಂಬಿದರೆ ಅಂಚಿನ ಬೆಳ್ಳಿ ಬಣ್ಣದ ಲೇಪ ಕರಗಿ, ಅದರ ಜಾಗದಲ್ಲಿ ಬರಿಯ ಪಾರದರ್ಶಕ ಪ್ಲಾಸ್ಟಿಕ್ ಉಳಿಯುತ್ತದೆ. ನೋಡಿದವರು ಅದನ್ನೇ ಬಣ್ಣ ಹೋಯಿತು ಎನ್ನುತ್ತಾರೆ. ಅದಕ್ಕಾಗಿ ನಾನು ಸಂದುಗಳನ್ನು ಖಾಲಿ ಬಿಡುತ್ತೇನೆ ಅಥವಾ ಎಪಾಕ್ಸಿ ಗ್ರೌಟ್ ತುಂಬುತ್ತೇನೆ. ಅಂಟಿನಲ್ಲಿಯೂ ಇದೇ ಎಚ್ಚರ ಬೇಕು: ಹುಳಿ ವಾಸನೆ ಬೀರುವ ಅಗ್ಗದ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅದು ತಾಮ್ರಕ್ಕೂ ಒಳ್ಳೆಯದಲ್ಲ, ಲೇಪಕ್ಕೂ ಒಳ್ಳೆಯದಲ್ಲ, ಆಮ್ಲ ಬಿಡದ ಸಿಲಿಕೋನ್ ಬೇರೆಯೇ ಸಿಗುತ್ತದೆ. ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಸುತ್ತಲೂ ಬಿಳಿ ಮಂಜು ಕೂರಿಸುತ್ತದೆ. ಅಂಟು ಒರೆಸಲು ಅಸಿಟೋನ್ ಹಚ್ಚಿದರೆ ಪಾಲಿಕಾರ್ಬೊನೇಟ್ ಮಬ್ಬಾಗಿ ಬಿರುಕು ಬಿಡುತ್ತದೆ.

"ಬಣ್ಣ ಮಾಸುವುದಿಲ್ಲ" ಎಂಬ ಮಾತಿಗೆ ಒಂದು ಅಪವಾದವಿದೆ. ಮನೆಯಲ್ಲಿ ಮಾಹಿತಿ ಬರೆದುಕೊಳ್ಳುವ ಡಿಸ್ಕ್‌ಗಳಲ್ಲಿ ಲೋಹದ ಕೆಳಗೆ ನಿಜವಾದ ವರ್ಣದ ಪದರವಿರುತ್ತದೆ. ಅವುಗಳ ಹಸಿರು ಅಥವಾ ನೀಲಿ ಛಾಯೆ ಅದರಿಂದ ಬಂದದ್ದು. ಬೆಳಕಿಗೆ ಆ ಛಾಯೆ ಬದಲಾಗಬಹುದು, ಕಾಮನಬಿಲ್ಲು ಉಳಿಯುತ್ತದೆ. ಬಿಸಿಲು ಬೀಳುವ ಗೋಡೆಗೆ ಅವು ಬೇಡ.

ಗುಜರಿ ಲೋಹಗಳಿಗೆ ಬಂದರೆ, ತಾಮ್ರ ಮೊದಲು ಕಂದಾಗುತ್ತದೆ, ತೇವವಿರುವಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ಹಿತ್ತಾಳೆಯ ಹಳದಿ ಕಪ್ಪಾಗುತ್ತದೆ. ಇದನ್ನು ನಾನು ಹಾಳಾಗುವಿಕೆ ಎಂದು ಎಣಿಸುವುದಿಲ್ಲ. ಎಲ್ಲಿ ತಾಮ್ರ ಕಂದಬೇಕೋ ಅಲ್ಲಿಗೇ ಅದನ್ನು ಇಡುತ್ತೇನೆ, ಪಕ್ಕದ ಡಿಸ್ಕ್ ಚೂರು ಆ ಕಂದಿನ ಮುಂದೆ ಹೆಚ್ಚು ಹೊಳೆಯಲಿ ಎಂದು. ತಾಮ್ರವೂ ಅಲ್ಯೂಮಿನಿಯಂ ತಗಡೂ ತಾಗಿಕೊಂಡಿರುವಲ್ಲಿ ನೀರು ನಿಂತರೆ ಮಾತ್ರ ತೊಂದರೆ, ಆಗ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಬರಿಯ ತಾಗುವಿಕೆ ದೋಷವಲ್ಲ: ಘಾನಾದಲ್ಲಿ ಹುಟ್ಟಿ ನೈಜೀರಿಯಾದಲ್ಲಿ ದುಡಿದ ಕಲಾವಿದ ಎಲ್ ಅನಾಟ್ಸುಯಿ ಅವರು ಬಾಟಲಿಗಳ ಅಲ್ಯೂಮಿನಿಯಂ ಮುಚ್ಚಳಗಳನ್ನು ತಾಮ್ರದ ತಂತಿಯಿಂದಲೇ ಹೆಣೆದು ಗೋಡೆಯಗಲದ ಹೊದಿಕೆಗಳನ್ನು ಮಾಡಿದ್ದಾರೆ. ಬಿಸಿಯಾದಾಗ ಪಾಲಿಕಾರ್ಬೊನೇಟ್ ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು ಹಿಗ್ಗುವುದರಿಂದ ಚೂರುಗಳನ್ನು ಒತ್ತೊತ್ತಾಗಿ ಕೂರಿಸದೆ ಕೂದಲೆಳೆಯಷ್ಟಾದರೂ ಸಂದು ಬಿಡಬೇಕು.

ಆದ್ದರಿಂದ ಕೊಳ್ಳುವವರಿಗೆ ಹೇಳುವುದಿಷ್ಟು: ಒಣ ಕೋಣೆಯ ಒಳಗೋಡೆಯ ಮೇಲೆ ಕೆಲವು ದಶಕಗಳನ್ನು ಧೈರ್ಯವಾಗಿ ನಿರೀಕ್ಷಿಸಬಹುದು, ಮಳೆ ಬಿಸಿಲಿಗೆ ತೆರೆದ ಹೊರಗೋಡೆಗೆ ನಾನು ಮಾಡಿಕೊಡುವುದಿಲ್ಲ. ಧೂಳನ್ನು ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿದರೆ ಸಾಕು. ತಾಮ್ರವನ್ನು ಬೆಳಗಿಸಬೇಕೆಂದು ಹುಳಿ ಹಚ್ಚಿ ಉಜ್ಜಬೇಡಿ, ಆ ಹುಳಿ ಹರಿದು ಪಕ್ಕದ ಚೂರುಗಳ ಸಂದಿಗೆ ಇಳಿಯುತ್ತದೆ.