ಇಲ್ಲೇ ಕ್ರಾಸ್ ಗಂಟ

"ಇಲ್ಲೇ ಕ್ರಾಸ್ ಗಂಟ ಕಣಣ್ಣ, ಹಿಂಗೋಗಿ ಹಂಗ್ ಬತ್ತೀನಿ."

ಮೊನ್ನೆ ಶುಕ್ರವಾರ, ತಿಥಿಯ ಊಟದ ಎರಡನೇ ಪಂಕ್ತಿ ಎದ್ದ ಹೊತ್ತಿನಲ್ಲಿ ಗೆಳೆಯನ ತಮ್ಮ ಅಂದ ಮಾತು ಇದು. ಹಿಂದಿನ ಸೀಟಿನಲ್ಲಿ ಅವರ ಸೋದರತ್ತೆ ಬ್ಯಾಗು ಹಿಡಿದು ಕೂತಿದ್ದರು. ಬಸ್ಸಿನ ಹೊತ್ತಾಗಿತ್ತು. ಅಣ್ಣನ ಕ್ರಿಯೆ ಮಾಡಿದವನು ಅವನೇ ಆದ್ದರಿಂದ ತಲೆ ಬೋಳಿಸಿದ್ದರು. ಆ ಬೋಳು ತಲೆ ಮಧ್ಯಾಹ್ನದ ಬಿಸಿಲಿಗೆ ಮಿರಮಿರ ಹೊಳೆಯುತ್ತಿತ್ತು. ಕೂತಿದ್ದದ್ದು ಅಣ್ಣನ ಬೈಕಿನ ಮೇಲೆ. ಆ ಬೈಕಿಗೆ ಆಗಿದ್ದಾದರೂ ಏನು? ಒಂದು ಇಂಡಿಕೇಟರ್ ಒಡೆದು, ಕ್ಲಚ್ ಲಿವರ್ ಸ್ವಲ್ಪ ಬಾಗಿತ್ತು. ಅಷ್ಟೇ.

ನಾನು ಕೈ ಅಡ್ಡ ಹಿಡಿದೆ. ಅವನಿಗೆ ಯಾಕೆ ಅಂತ ಅರ್ಥವೇ ಆಗಲಿಲ್ಲ. "ಮೂರು ಕಿಲೋಮೀಟ್ರು ಅಣ್ಣ" ಅಂದ ಇನ್ನೊಂದು ಸಲ. ಅವನ ಮುಖದಲ್ಲಿ ಇದ್ದದ್ದು ಉಡಾಫೆಯಲ್ಲ, ನಿಜವಾದ ಆಶ್ಚರ್ಯ. ಶಾಮಿಯಾನದ ಕೆಳಗೆ ಕೂತಿದ್ದ ನೂರು ಜನರಲ್ಲಿ ಒಬ್ಬರಿಗೂ ಅದು ವಿಚಿತ್ರ ಅನ್ನಿಸಿರಲಿಲ್ಲ. ತಲೆಗೆ ಪೆಟ್ಟು ಬಿದ್ದು ಸತ್ತವನ ತಿಥಿಗೆ ಬಂದವರು, ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಬರಿ ತಲೆಯಲ್ಲಿ ಬೈಕು ಹತ್ತಿ ಹೋಗುತ್ತಿದ್ದರು. ನಾನು ಎಣಿಸಿದೆ. ಅಂಗಳದಿಂದ ಹೊರಟ ಹದಿನಾಲ್ಕು ಬೈಕುಗಳಲ್ಲಿ ಹೆಲ್ಮೆಟ್ ಇದ್ದದ್ದು ಎರಡರಲ್ಲಿ. ಅದರಲ್ಲೂ ಒಂದು ಮಿರರಿಗೆ ನೇತುಬಿದ್ದಿತ್ತು.

ತೀರಿಹೋದ ನನ್ನ ಗೆಳೆಯನದು ಕುಣಿಗಲ್‌ನಲ್ಲಿ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿ. ನನಗೆ ಬೆಂಗಳೂರಲ್ಲಿ ಕೆಲಸ. ಸಂಕ್ರಾಂತಿ ಕಳೆದ ಭಾನುವಾರ ಸುಮ್ಮನೆ ನೋಡಿಕೊಂಡು ಬರೋಣ ಅಂತ ಬೈಕಿನಲ್ಲಿ ಹೋಗಿದ್ದೆ. ಕಾಯಿಲ್ ಸುತ್ತುತ್ತಾ ಕೂತಿದ್ದವನು ತಲೆ ಎತ್ತಿ ಮೊದಲು ನೋಡಿದ್ದು ನನ್ನ ಹೆಲ್ಮೆಟ್ಟನ್ನು.

"ಇದೇನ್ ಮಗಾ, ಈ ಚಿಪ್ಪು ಹಾಕ್ಕೊಂಡು ಹೈವೇಲಿ ಬಂದ್ಯಾ?"

ಚಿಪ್ಪೇ ಅದು. ರಸ್ತೆ ಬದಿಯಲ್ಲಿ ಹಗ್ಗಕ್ಕೆ ನೇತುಹಾಕಿ ಮಾರುವಂಥದ್ದು, ಇನ್ನೂರು ರೂಪಾಯಿ ಕೊಟ್ಟು ತಂದಿದ್ದೆ. ಪಟ್ಟಿಯ ಲಾಕ್ ಮುರಿದು ಆರು ತಿಂಗಳಾಗಿತ್ತು. ಪೊಲೀಸರ ಕಣ್ಣಿಗೆ ದೂರದಿಂದ ಹೆಲ್ಮೆಟ್ಟಿನ ಹಾಗೆ ಕಂಡರೆ ಸಾಕು ಅಂತ ನಾನು ಅಂದುಕೊಂಡಿದ್ದೆ. ನನ್ನ ತಲೆಯ ಯೋಚನೆ ನನಗೆ ಇರಲಿಲ್ಲ, 500 ರೂಪಾಯಿ ದಂಡದ ಯೋಚನೆ ಇತ್ತು. 2019ರಲ್ಲಿ ಕೇಂದ್ರದ ಕಾಯ್ದೆ ಆ ದಂಡವನ್ನು 1,000ಕ್ಕೆ ಏರಿಸಿದಾಗ ಜನ ಕೂಗಾಡಿ, ನಮ್ಮ ರಾಜ್ಯದಲ್ಲಿ ಅದನ್ನು 500ಕ್ಕೆ ಇಳಿಸಿದರು. ಅವತ್ತು ನಾನೂ ಒಳ್ಳೇದಾಯ್ತು ಅಂದವನೇ.

ಸಂಜೆ ಆರೂವರೆಗೆ ಹೊರಟು ನಿಂತಾಗ ಅವನು ತನ್ನ ಹೆಲ್ಮೆಟ್ ತಂದ. ಪೂರ್ತಿ ಮುಖ ಮುಚ್ಚುವಂಥದ್ದು, ಹಿಂಭಾಗದಲ್ಲಿ ಐಎಸ್‌ಐ ಗುರುತು. ಬೇಡ ಬೇಡ ಅಂದರೂ ಕೇಳದೆ ನನ್ನ ತಲೆಗೆ ತುರುಕಿದ. ಗಲ್ಲದ ಕೆಳಗೆ ಪಟ್ಟಿ ಎಳೆದು ಬಕಲ್ ಹಾಕಿದ. ಟಕ್ ಅಂತು. ಎರಡು ಬೆರಳು ತೂರಿಸಿ ಬಿಗಿ ಇದೆಯಾ ಅಂತ ನೋಡಿದ.

"ನಿಂಗೆ?"

"ನಾನು ಊರಿಗೆ ತಾನೆ. ಕ್ರಾಸ್‌ನಿಂದ ಮೂರು ಕಿಲೋಮೀಟ್ರು. ಮುಂದಿನ ಭಾನುವಾರ ಬರ್ತೀಯಲ್ಲ, ತಂದ್ಕೊಡು."

ನನ್ನ ಚಿಪ್ಪನ್ನು ಅವನು ಹಾಕಿಕೊಂಡ. ಪಟ್ಟಿ ಎರಡೂ ಕಡೆ ಜೋತಾಡುತ್ತಿತ್ತು. ಅದು ನನಗೆ ಕಂಡಿತ್ತು, ಕಂಡೂ ಹೊರಟೆ. ಎರಡು ವಾರದಿಂದ ಕಣ್ಣು ಮುಚ್ಚಿದರೆ ಬರುವುದು ಅದೇ: ಬೀದಿ ದೀಪದ ಕೆಳಗೆ ಅವನು ಕಿಕ್ಕರ್ ಹೊಡೆಯುವುದು, ಜೋತಾಡುವ ಆ ಪಟ್ಟಿ, ಮತ್ತು ನನ್ನ ಗಲ್ಲದ ಕೆಳಗೆ ಆದ ಆ ಟಕ್.

ಬೆಂಗಳೂರು ತಲುಪಿ ಹೆಲ್ಮೆಟ್ ತೆಗೆದು ಫೋನ್ ನೋಡಿದರೆ ಹನ್ನೊಂದು ಮಿಸ್ಡ್ ಕಾಲ್.

ಅವರ ಊರಿನ ದಾರಿಯಲ್ಲಿ ಜನವರಿ ಬಂತೆಂದರೆ ರಸ್ತೆಯೇ ಕಣ. ರಾಗಿ ತೆನೆಯನ್ನು ಹುಲ್ಲಿನ ಸಮೇತ ಡಾಂಬರಿನ ಮೇಲೆ ಮೊಣಕಾಲುದ್ದ ಹರಡುತ್ತಾರೆ. ಬಸ್ಸು, ಲಾರಿ, ಟ್ರ್ಯಾಕ್ಟರ್ ಅದರ ಮೇಲೆ ಹಾದು ಕಾಳು ಉದುರುತ್ತದೆ. ವಾಹನ ರಾಶಿಯ ಅಂಚಿಗೆ ಹೋಗದಿರಲಿ ಅಂತ ಸುತ್ತ ದಪ್ಪ ಕಲ್ಲು ಇಡುತ್ತಾರೆ. ನಾಲ್ಕು ಚಕ್ರದವರಿಗೆ ಅದು ಮೆತ್ತೆ. ಬೈಕಿನವನಿಗೆ ಹಾಗಲ್ಲ. ಟೈರು ಡಾಂಬರನ್ನು ಹಿಡಿದರೆ ತಾನೆ ಬೈಕು ನಿಲ್ಲುವುದು? ಮೇಲೆ ಜಾರುವ ಹುಲ್ಲು, ಕೆಳಗೆ ಗೋಲಿಯ ಹಾಗೆ ಉರುಳುವ ಕಾಳು. ಅದರ ಮೇಲೆ ಮುಂದಿನ ಬ್ರೇಕ್ ಮುಟ್ಟಿದರೆ ಹ್ಯಾಂಡಲ್ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಅಂಥ ಕಡೆ ದೂರದಲ್ಲೇ ವೇಗ ಇಳಿಸಿ, ಹ್ಯಾಂಡಲ್ ತಿರುಗಿಸದೆ, ಬ್ರೇಕ್ ಮುಟ್ಟದೆ, ಒಂದೇ ಗತಿಯಲ್ಲಿ ನೇರ ಹಾಯಬೇಕು. ಎಲ್ಲಕ್ಕಿಂತ ಒಳ್ಳೆಯದು ಇಳಿದು ತಳ್ಳಿಕೊಂಡು ಹೋಗುವುದು. ಅವನಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಬೆಳಿಗ್ಗೆ ಅವನು ಹೊರಟಾಗ ಆ ಜಾಗದಲ್ಲಿ ಒಕ್ಕಣೆ ಇರಲಿಲ್ಲ, ಸಂಜೆ ಇತ್ತು. ಆ ತಿರುವಿನಲ್ಲಿ ಬೀದಿ ದೀಪವೂ ಇಲ್ಲ.

ಬಿದ್ದಾಗ ಚಿಪ್ಪು ಮೊದಲು ಹಾರಿತು. ಆಮೇಲೆ ತಲೆ ಹೋಗಿ ಅಂಚಿನ ಕಲ್ಲಿಗೆ ಬಡಿಯಿತು.

ರಾಗಿ ಯಾರದ್ದು ಅಂತ ಹೇಳಲೇಬೇಕು. ಅವನ ದೊಡ್ಡಪ್ಪನದ್ದೇ. ತಿಥಿಯ ದಿನ ಆ ಮುದುಕ ಜಗಲಿಯ ಮೂಲೆಯಲ್ಲಿ ಟವೆಲ್ಲು ಮುಖಕ್ಕೆ ಒತ್ತಿಕೊಂಡು ಒಬ್ಬನೇ ಕೂತಿದ್ದ. ಯಾರೂ ಮಾತಾಡಿಸುತ್ತಿರಲಿಲ್ಲ, ಊಟಕ್ಕೆ ಏಳಿ ಅಂತಲೂ ಕರೆಯಲಿಲ್ಲ. ನನಗೆ ಆತನ ಮೇಲೆ ಸಿಟ್ಟು ಬರುತ್ತದೆ, ಬಂದಷ್ಟೇ ಬೇಗ ಇಳಿಯುತ್ತದೆ. ಹಿಂದೆ ಸಗಣಿ ಸಾರಿಸಿದ ಕಣ ಇತ್ತು, ಎತ್ತು ಇತ್ತು, ರೋಣಗಲ್ಲು ಉರುಳುತ್ತಿತ್ತು. ಈಗ ಆ ಮನೆಯಲ್ಲಿ ಎತ್ತಿಲ್ಲ, ಕಣವಿದ್ದ ಜಾಗ ಭಾಗವಾಗಿ ಮನೆ ಎದ್ದಿದೆ. ಎರಡು ಎಕರೆ ರಾಗಿಗೆ ಕೂಲಿ ಕೊಟ್ಟು ಒಕ್ಕಿಸಿದರೆ ಏನು ಉಳಿಯುತ್ತದೆ? ಊರಿಗೊಂದು ಸಿಮೆಂಟಿನ ಕಣ ಮಾಡಿಕೊಡುವುದು ಪಂಚಾಯಿತಿಗೆ ದೊಡ್ಡ ಕೆಲಸವಲ್ಲ. ರಸ್ತೆಯಲ್ಲಿ ಒಕ್ಕಣೆ ಮಾಡಬೇಡಿ ಅಂತ ವರ್ಷಕ್ಕೊಮ್ಮೆ ಹೇಳಿ ಕೈತೊಳೆದುಕೊಂಡರೆ ಮುಗಿಯಿತೇ? ಇಷ್ಟೆಲ್ಲ ಅಂದ ಮೇಲೂ ಆ ಕಲ್ಲುಗಳ ವಿಷಯದಲ್ಲಿ ನನ್ನ ಮನಸ್ಸು ಕರಗುವುದಿಲ್ಲ. ಕತ್ತಲಾದ ಮೇಲೆ ರಸ್ತೆಯ ಮೇಲೆ ಕಲ್ಲು ಬಿಟ್ಟು ಮನೆಗೆ ಹೋಗಬಾರದಿತ್ತು. ಒಂದು ಲಾಂದ್ರವಾದರೂ ಇಡಬೇಕಿತ್ತು.

ಶಾಮಿಯಾನದಲ್ಲಿ ಬಂದವರೆಲ್ಲ ಒಂದೇ ಮಾತು ಆಡುತ್ತಿದ್ದರು. "ಮೈಮೇಲೆ ಒಂದ್ ಗೀರೂ ಇರ್ಲಿಲ್ವಂತೆ." ಅದರ ಹಿಂದೆಯೇ ಇನ್ನೊಂದು: "ಅಷ್ಟೇ ಬರ್ದಿದ್ದು. ಆಯಸ್ಸು ಮುಗ್ದಿತ್ತು." ಮೊದಲನೆಯದನ್ನು ಪವಾಡದ ಹಾಗೆ, ಎರಡನೆಯದನ್ನು ಸಮಾಧಾನದ ಹಾಗೆ ಹೇಳುತ್ತಿದ್ದರು. ಅವರ ಸಂಬಂಧಿಕರೊಬ್ಬರು, ಮೇಷ್ಟ್ರಾಗಿ ನಿವೃತ್ತರಾದವರು, ನನ್ನ ಪಕ್ಕ ಕೂತು ಐದು ಸಲ ಹೇಳಿದರು. ಐದನೇ ಸಲಕ್ಕೆ ನಾನು ಎದ್ದು ಹೋದೆ. ಓದಿದವರು ಹೀಗೆ ಮಾತಾಡಿದರೆ ನನಗೆ ತಡೆಯಲಾಗುವುದಿಲ್ಲ. ಮೈಮೇಲೆ ಗೀರಿಲ್ಲ ಅಂದರೆ ಏನರ್ಥ? ಕೈ ಸರಿ ಇತ್ತು, ಕಾಲು ಸರಿ ಇತ್ತು, ಎದೆ ಸರಿ ಇತ್ತು. ತಲೆಯೊಂದು ಉಳಿದಿದ್ದರೆ ಅವನು ಎದ್ದು ಮೈ ಕೊಡವಿಕೊಂಡು, ದೊಡ್ಡಪ್ಪನಿಗೆ ಎರಡು ಬೈದು ಮನೆಗೆ ಬರುತ್ತಿದ್ದ. ಹಣೆಬರಹ ಎಲ್ಲಿ ಬಂತು ಇದರಲ್ಲಿ? ಮುರಿದದ್ದು ಒಂದು ಪ್ಲಾಸ್ಟಿಕ್ ಬಕಲ್. ಆರು ತಿಂಗಳ ಹಿಂದೆಯೇ ಮುರಿದಿತ್ತು, ನಾನು ಹಾಗೇ ಬಿಟ್ಟಿದ್ದೆ.

ನಿಧಾನ ಹೋದರೆ ಏನಾಗಲ್ಲ ಅನ್ನುವವರಿಗೆ ಒಂದು ಲೆಕ್ಕ ಹೇಳಬೇಕು. ನಿಂತ ಬೈಕಿನಿಂದ ಸುಮ್ಮನೆ ಪಕ್ಕಕ್ಕೆ ಬಿದ್ದರೂ ತಲೆ ಒಂದೂವರೆ ಮೀಟರ್ ಎತ್ತರದಿಂದ ನೆಲಕ್ಕೆ ಬರುತ್ತದೆ. ನೆಲ ಮುಟ್ಟುವ ಹೊತ್ತಿಗೆ ಅದರ ವೇಗ ಗಂಟೆಗೆ ಹತ್ತಿರ ಹತ್ತಿರ 20 ಕಿಲೋಮೀಟರ್. ಅಷ್ಟು ವೇಗದಲ್ಲಿ ತಲೆಬುರುಡೆ ಕಲ್ಲಿಗೆ ಬಡಿದು ಗಕ್ಕನೆ ನಿಂತರೂ ಒಳಗಿನ ಮೆದುಳು ನಿಲ್ಲುವುದಿಲ್ಲ, ಹೋಗಿ ಬುರುಡೆಗೆ ಬಡಿಯುತ್ತದೆ. ಒಳ್ಳೆಯ ಹೆಲ್ಮೆಟ್ಟಿನ ಗಟ್ಟಿ ಕವಚದ ಒಳಗೆ ಥರ್ಮಾಕೋಲಿನಂಥ ದಪ್ಪ ಪದರ ಇರುತ್ತದೆ. ತಾನು ನುಜ್ಜಾಗಿ ತಲೆಗೆ ನಿಲ್ಲಲು ಚೂರು ಸಮಯ ಕೊಡುವುದೇ ಅದರ ಕೆಲಸ. ಅದಕ್ಕೇ ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ಟನ್ನು ಮೇಲೆ ಚೆನ್ನಾಗಿ ಕಂಡರೂ ಮತ್ತೆ ಹಾಕಬಾರದು. ನನ್ನ ಚಿಪ್ಪಿನ ಒಳಗೆ ಇದ್ದದ್ದು ಬೆರಳಿಗೆ ಅದುಮುವ ಸ್ಪಂಜು. ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ತಯಾರಿಸುವಂತಿಲ್ಲ, ಮಾರುವಂತಿಲ್ಲ ಅಂತ 2021ರ ಜೂನ್ 1ರಿಂದ ಆದೇಶವಿದೆ. ನಾನು ಕೊಂಡದ್ದು ಅದಾದ ಮೇಲೆಯೇ, ಹಾಡಹಗಲಲ್ಲಿ. 2022ರ ಒಂದೇ ವರ್ಷದಲ್ಲಿ ಹೆಲ್ಮೆಟ್ ಇಲ್ಲದೆ ದೇಶದಲ್ಲಿ ಸತ್ತವರು 50,029 ಜನ, ಕೇಂದ್ರ ಸಾರಿಗೆ ಇಲಾಖೆಯದ್ದೇ ಲೆಕ್ಕ. ಅದರಲ್ಲಿ 14 ಸಾವಿರಕ್ಕೂ ಹೆಚ್ಚು ಜನ ಹಿಂದೆ ಕೂತವರು. ಸೋದರತ್ತೆಯ ಹಾಗೆ, ಬ್ಯಾಗು ಹಿಡಿದು.

ನನ್ನ ಗೆಳೆಯ ಒಳ್ಳೆಯ ಹೆಲ್ಮೆಟ್ ಕೊಳ್ಳಲು ಶುರು ಮಾಡಿದ್ದು 2016ರಲ್ಲಿ. ಆ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯ ಗುಬ್ಬಿ ಕಡೆಯ ಹುಡುಗ ಹರೀಶ್ ಬೈಕಿನಲ್ಲಿ ಬೆಂಗಳೂರಿಗೆ ಹೋಗುವಾಗ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕು ದೇಹವೇ ಎರಡಾಯಿತು. ಪ್ರಾಣ ಹೋಗುವ ಮುಂಚೆ ತನ್ನ ಅಂಗಾಂಗ ದಾನ ಮಾಡಿ ಅಂತ ಆ ಹುಡುಗ ಕೇಳಿಕೊಂಡ. ತಲೆಯಲ್ಲಿ ಹೆಲ್ಮೆಟ್ ಇದ್ದದ್ದರಿಂದ ಕಣ್ಣಿಗೆ ಏನೂ ಆಗಿರಲಿಲ್ಲ, ಕಣ್ಣು ದಾನವಾಯಿತು. ಅಪಘಾತಕ್ಕೆ ಸಿಕ್ಕವರಿಗೆ ಮೊದಲ 48 ಗಂಟೆ ಚಿಕಿತ್ಸೆ ಕೊಡಿಸುವ ಯೋಜನೆಗೆ ಸರ್ಕಾರ ಅವನ ಹೆಸರನ್ನೇ ಇಟ್ಟಿತು. ನನ್ನ ಗೆಳೆಯ ಅಂಗಡಿಗೆ ಬಂದವರಿಗೆಲ್ಲ ಇದನ್ನು ಹೇಳುತ್ತಿದ್ದ. "ಅಂಥಾ ಲಾರಿ ಹತ್ತಿದ್ರೂ ತಲೆ ಉಳೀತು ನೋಡು" ಅನ್ನುತ್ತಿದ್ದ.

ಗೆಳೆಯ ಬಿದ್ದಾಗ ಸುತ್ತ ಸೇರಿದವರು ಮುಟ್ಟಲು ಹೆದರಿದರಂತೆ, ಪೊಲೀಸ್ ಕೇಸಾಗುತ್ತೆ ಅಂತ. ಒಬ್ಬ ವಿಡಿಯೋ ಮಾಡಿದ. ಇನ್ನೊಬ್ಬರು ಪ್ರಜ್ಞೆ ಇಲ್ಲದವನ ಬಾಯಿಗೆ ನೀರು ಬಿಟ್ಟರು. ಅಂಥವರಿಗೆ ನೀರು ಕುಡಿಸಬಾರದು, ಉಸಿರಿನ ದಾರಿಗೆ ಹೋಗುತ್ತದೆ. ಕತ್ತು ತಿರುಚದಂತೆ ಹಿಡಿದು, 108ಕ್ಕೆ ಫೋನ್ ಮಾಡಬೇಕು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಪೊಲೀಸರು ಬಲವಂತವಾಗಿ ಸಾಕ್ಷಿ ಮಾಡುವಂತಿಲ್ಲ, ಹೆಸರು ಹೇಳದೆಯೂ ಹೋಗಬಹುದು. ಸುಪ್ರೀಂ ಕೋರ್ಟ್ 2016ರಲ್ಲೇ ಇದನ್ನು ಗಟ್ಟಿ ಮಾಡಿದೆ. ಕೊನೆಗೆ ಎತ್ತಿದ್ದು ಹಾಲಿನ ಗಾಡಿಯ ಡ್ರೈವರ್, ಬೇರೆ ಊರಿನವನು. ಅವನು ತಿಥಿಗೂ ಬಂದಿದ್ದ, ಯಾರಿಗೂ ಪರಿಚಯ ಹೇಳಿಕೊಳ್ಳದೆ ಉಂಡು ಹೋದ. ಎರಡು ರಾತ್ರಿ ಆಸ್ಪತ್ರೆಯಲ್ಲಿದ್ದು ಮಂಗಳವಾರ ಗೆಳೆಯ ಹೋದ.

ಮಣ್ಣಿಗೆ ಹೋದಾಗ ಅವನ ಹೆಲ್ಮೆಟ್ ಒಯ್ಯುವ ಧೈರ್ಯ ನನಗೆ ಬರಲಿಲ್ಲ. ತಿಥಿಗೆ ಅದನ್ನೇ ಹಾಕಿಕೊಂಡು ಬೈಕಿನಲ್ಲಿ ಹೋದೆ. ದಾರಿಯಲ್ಲಿ ಆ ತಿರುವಿಗೆ ಬಂದಾಗ ಇಳಿದೆ. ಒಕ್ಕಣೆ ಎತ್ತಿಬಿಟ್ಟಿದ್ದರು, ಡಾಂಬರಿನ ಸಂದಿಯಲ್ಲಿ ಕಾಳು ಮಾತ್ರ ಉಳಿದಿತ್ತು. ಅವನ ಹೆಂಡತಿ ಒಳಮನೆಯಿಂದ ಹೊರಗೆ ಬರಲಿಲ್ಲ, ನಾನೂ ಹೋಗಿ ಮಾತಾಡಿಸಲಿಲ್ಲ. ಹಿತ್ತಲಲ್ಲಿ ಅವರಪ್ಪ ಒಬ್ಬರೇ ಸಿಕ್ಕಾಗ ಹೆಲ್ಮೆಟ್ ಮುಂದೆ ಹಿಡಿದೆ. ಎಲ್ಲ ಹೇಳಬೇಕು ಅಂತ ಬಾಯಿ ತೆರೆದೆ.

"ಗೊತ್ತು ಕಣಪ್ಪ" ಅಂದರು. "ಅಂಗಡಿ ಬಾಗ್ಲು ಹಾಕುವಾಗ ಫೋನ್ ಮಾಡಿದ್ದ. ಹೆಲ್ಮೆಟ್ ಕೊಟ್ ಕಳಿಸ್ದೆ, ಚಿಪ್ಪಾಕ್ಕಂಡ್ ಬಂದವ್ನೆ ಬಡ್ಡೀಮಗ ಅಂದ."

ಮುಂದೆ ಏನೂ ಹೇಳಲಿಲ್ಲ. ಬೈಯಲೂ ಇಲ್ಲ. ಹೆಲ್ಮೆಟ್ಟನ್ನು ಕೈಯಲ್ಲಿ ಒಮ್ಮೆ ತಿರುಗಿಸಿ ನೋಡಿ ನನಗೇ ಕೊಟ್ಟು, ದನಕ್ಕೆ ಹುಲ್ಲು ಹಾಕಲು ಹೋದರು.

ಅದಾಗಿ ಅರ್ಧ ಗಂಟೆಗೆ ತಮ್ಮ ಬೈಕು ಹತ್ತಿದ್ದು. "ಇಲ್ಲೇ ಕ್ರಾಸ್ ಗಂಟ ಕಣಣ್ಣ." ನಾನು ಮಾತಿಗೆ ನಿಲ್ಲಲಿಲ್ಲ, ಕೀ ಕಿತ್ತುಕೊಂಡೆ. ಅವನ ಆ ಬೋಳು ತಲೆಗೆ ಅಣ್ಣನ ಹೆಲ್ಮೆಟ್ ಹಾಕಿ ಬಕಲ್ ಎಳೆದೆ. ಕೂದಲಿಲ್ಲದ್ದಕ್ಕೆ ಸಡಿಲವಾಯಿತು, ಪಟ್ಟಿ ಇನ್ನೊಂದು ಸುತ್ತು ಬಿಗಿ ಮಾಡಿದೆ. ಜನ ನೋಡುತ್ತಿದ್ದರು, ನನ್ನ ದನಿ ಏರಿತ್ತು ಅಂತ ಆಮೇಲೆ ಯಾರೋ ಹೇಳಿದರು. ಸೋದರತ್ತೆಯನ್ನು ಇಳಿಸಿ, ಹಾಲಿನ ಗಾಡಿಯಲ್ಲಿ ಕ್ರಾಸಿಗೆ ಕಳಿಸಿದೆವು. ಹುಡುಗನಿಗೆ ಕಾಲೇಜಿಗೆ ದಿನಾ ಅದೇ ಬೈಕಿನಲ್ಲಿ ಹೋಗಬೇಕು, ಹೆಲ್ಮೆಟ್ ಅವನ ಹತ್ತಿರವೇ ಇರಲಿ ಅಂದೆ. ಅವನು ತಲೆಯಾಡಿಸಿದ. ಒಳಗಿನಿಂದ ಮುಖ ಕಾಣಿಸಲಿಲ್ಲ.

ಈಗ ನನಗೆ ಹಾಕಿಕೊಳ್ಳಲು ಏನೂ ಇರಲಿಲ್ಲ. ನನ್ನ ಬೈಕನ್ನು ಅವರ ಕೊಟ್ಟಿಗೆಯ ಪಕ್ಕ ನಿಲ್ಲಿಸಿ, ಸಂಜೆ ಕ್ರಾಸಿನವರೆಗೂ ನಡೆದು ಹೋಗಿ ಬಸ್ಸು ಹತ್ತಿದೆ. ಬೈಕು ಇನ್ನೂ ಅಲ್ಲೇ ಇದೆ. ಈ ಭಾನುವಾರ ತರಲು ಹೋಗುತ್ತೇನೆ. ಬಸ್ಸಿನಲ್ಲೇ, ಕೈಯಲ್ಲಿ ಎರಡು ಹೆಲ್ಮೆಟ್ ಹಿಡಿದು. ಒಂದು ನನಗೆ. ಇನ್ನೊಂದು ಆ ಹುಡುಗನ ಹಿಂದೆ ಕೂರುವವರಿಗೆ.